ಉಗ್ರಾಣದ ಗೋಡೆಗೆ ಹೇಳಿದ ಕಾದಂಬರಿ

ನವೆಂಬರ್‌ನಲ್ಲಿ ನಾರಿನ್ ಊರಿನವರು ಹೊಸದಾಗಿ ಏನನ್ನೂ ಶುರುಮಾಡುವುದಿಲ್ಲ. ಕಲ್ಲಿದ್ದಲು ಬಂದು ಅಂಗಳದಲ್ಲಿ ಬಿದ್ದಿರುತ್ತದೆ, ಅದನ್ನು ಒಡೆದು ಒಳಗೆ ಸೇರಿಸಬೇಕು. ಚಳಿಗಾಲಕ್ಕೆಂದು ಕಡಿದ ಕುದುರೆಯ ಮಾಂಸಕ್ಕೆ ಉಪ್ಪು ಹಚ್ಚಬೇಕು, ಕರುಳು ತೊಳೆದು ತುಂಬಿ ತೂಗುಹಾಕಬೇಕು. ಇಂಥ ತಿಂಗಳಲ್ಲಿ ಕೂತು ಕಾದಂಬರಿ ಬರೆಯಿರಿ ಎಂದು ಮೊದಲು ಹೇಳಿದವರು ಯಾರೋ ಬೆಚ್ಚಗಿನ ದೇಶದವರೇ ಇರಬೇಕು. ಲೋಕದ ಎಲ್ಲ ಕಡೆ ಜನ ಬರೆಯುತ್ತಾರಂತೆ. ಒಂದು ತಿಂಗಳು, ಒಂದು ಇಡೀ ಕಾದಂಬರಿ. ಚೆನ್ನಾಗಿದೆಯೇ ಎಂದು ಹಿಂದೆ ತಿರುಗಿ ನೋಡುವ ಹಾಗಿಲ್ಲ, ಮುಗಿಸಬೇಕು ಅಷ್ಟೆ. ನಾನು ಕೆಲಸ ಮಾಡುವ ಗ್ರಂಥಾಲಯದ ಬಾಗಿಲಿಗೂ ಆ ಬಗ್ಗೆ ಒಂದು ಹಾಳೆ ಅಂಟಿಸಿದೆವು. ನಿವೃತ್ತ ಪೊಲೀಸರೊಬ್ಬರು ಹೆಸರು ಕೊಟ್ಟರು, ಕಾಲೇಜಿನ ಕೆಲವು ಹುಡುಗಿಯರು ಕೊಟ್ಟರು. ಕೊನೆಗೆ ಝಿಪಾರ್ ಕೊಟ್ಟಳು.

ಝಿಪಾರ್ ಸಂತೆಯ ಪಕ್ಕದ ಊಟದ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ನಾನು ಅವಳನ್ನು ಎಜೆ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ. ಅಗಲ ಕೈ, ಅಗಲ ಮುಖ, ತಲೆಗೆ ಬಿಗಿಯಾಗಿ ಕಟ್ಟಿದ ಕಪ್ಪು ವಸ್ತ್ರ. ಅವತ್ತು ಅವಳು ಬಂದದ್ದು ಮಗಳು ಬೆಗಾಯಿಮ್ ಒಯ್ದಿದ್ದ ಪುಸ್ತಕ ವಾಪಸು ಕೊಡಲು. ಬಾಗಿಲಿನ ಹಾಳೆಯ ಮುಂದೆ ತುಂಬ ಹೊತ್ತು ನಿಂತಿದ್ದಳು. ಅವಳು ಓದುತ್ತಿದ್ದಾಳೋ, ಚಳಿಗೆ ಒಳಗೆ ಬರುವ ಮುಂಚೆ ಬೂಟಿನ ಹಿಮ ಕೊಡವಿಕೊಳ್ಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ.

"ಕಾಲಿಪಾ, ಇದಕ್ಕೆ ಓದಿರ್ಬೇಕಾ?" ಎಂದು ನನ್ನ ಹೆಸರು ಹಿಡಿದು ಕೇಳಿದಳು.

"ಏನೂ ಬೇಡ ಎಜೆ. ಹೇಳೋಕೆ ಏನಾದ್ರೂ ಇದ್ರೆ ಸಾಕು."

"ಏನೂ ಇಲ್ದಿದ್ರೆ?"

"ಇಲ್ದಿದ್ರೂ ಬರೀಬಹುದು. ಆ ಪೊಲೀಸ್ ಅಜ್ಜ ಬರೀತಿಲ್ವಾ?"

ಅವಳು ನಗಲಿಲ್ಲ. ಒಂದು ವರ್ಷದಿಂದ ಯಾವುದಕ್ಕೂ ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಪೆನ್ನು ಕೇಳಿ ತೆಗೆದುಕೊಂಡು ಹೆಸರು ಬರೆದಳು. "ನಮ್ಮತ್ತೆಗೆ ಹೇಳ್ಬೇಡ. ಮನೇಲಿ ವರ್ಷದ ಊಟ ಇಟ್ಕೊಂಡು ಇವಳು ಕಥೆ ಬರೀತಾಳೆ ಅಂತಾರೆ," ಎಂದಳು.

ಸತ್ತವನ ವರ್ಷ ತುಂಬಿದಾಗ ಹಾಕುವ ಆ ಊಟದ ವಿಷಯ ಊರಿಗೆಲ್ಲ ಗೊತ್ತಿತ್ತು. ಹಿಂದಿನ ನವೆಂಬರ್ ಕೊನೆಯಲ್ಲಿ ಅವಳ ಗಂಡನ ಶವಪೆಟ್ಟಿಗೆ ಸೈಬೀರಿಯಾದಿಂದ ಬಂದಿತ್ತು. ಅಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ ಅವನು, ಕೂಲಿಯವರು ಮಲಗುವ ತಗಡಿನ ಡಬ್ಬಿಯಂಥ ಕೋಣೆಯೊಳಗೆ ಒಲೆಯ ಹೊಗೆ ಕಟ್ಟಿ, ನಿದ್ದೆಯಲ್ಲೇ ಹೋಗಿಬಿಟ್ಟಿದ್ದ. ಅಂಗಳದಲ್ಲಿ ಕಂಬಳಿಯ ಗುಡಾರ ಎದ್ದಿತು. ನಮ್ಮ ಕಡೆ ಸತ್ತವನ ಹೆಂಡತಿ ಆ ಗುಡಾರದೊಳಗೆ ಗೋಡೆಗೆ ಮುಖಮಾಡಿ ಕೂತು, ಸೊಂಟದ ಮೇಲೆ ಕೈಯಿಟ್ಟು, ಅವನು ಎಂಥವನಾಗಿದ್ದ ಎಂದು ಹಾಡಿ ಅಳಬೇಕು. ಆ ಹಾಡನ್ನು ಅವಳೇ ಕಟ್ಟಬೇಕು. ಬಂದವರು ಹೊರಗಿನಿಂದ ಅದನ್ನು ಕೇಳಿಸಿಕೊಂಡೇ ಒಳಗೆ ಬರುತ್ತಾರೆ. ಝಿಪಾರ್ ಗೋಡೆಗೆ ಮುಖಮಾಡಿ ಕೂತಳು. ಬಾಯಿ ತೆರೆದಳು. ಸ್ವರ ಬರಲಿಲ್ಲ. ಮೂರು ದಿನವೂ ಬರಲಿಲ್ಲ. ಅವಳ ಅತ್ತೆ ಬಾತ್ಮಾ ತಾಯಿಯ ಅಳುವನ್ನೂ ಅತ್ತು, ಹೆಂಡತಿಯ ಅಳುವನ್ನೂ ತಾನೇ ಅತ್ತು, ಕೊನೆಗೆ ಗಂಟಲು ಒಡೆದು ಒಂದು ವಾರ ಸನ್ನೆಯಲ್ಲಿ ಮಾತಾಡಿದಳು.

ನಾರಿನ್ ಚಿಕ್ಕ ಊರು. ನದಿ, ಒಂದೇ ಉದ್ದನೆಯ ಬೀದಿ, ಎರಡೂ ಕಡೆ ಗುಡ್ಡ. ಮಾತು ಹೊರಗೆ ಹೋಗಲು ದಾರಿಯಿಲ್ಲ. "ಗಂಡಂಗೆ ಒಂದು ತೊಟ್ಟು ಕಣ್ಣೀರು ಹಾಕದವಳು" ಎಂದು ಅವಳ ಬೆನ್ನ ಹಿಂದೆ ಅಂದರು, ಆಮೇಲೆ ಅವಳ ಮುಂದೆಯೇ ಅನ್ನತೊಡಗಿದರು. ಈಗ ವರ್ಷ ತುಂಬುತ್ತಿತ್ತು. ತಿಂಗಳ ಕೊನೆಗೆ ಮತ್ತೆ ಗುಡಾರ, ಮತ್ತೆ ಜನ, ಕಡೆಯ ಸಲದ ಅಳು. ಅದಾದ ಮೇಲೆ ಕಪ್ಪು ವಸ್ತ್ರ ತೆಗೆದು ಬಿಳಿಯದನ್ನು ಹೊದಿಸುತ್ತಾರೆ. ಆಮೇಲೆ ಯಾರೂ ಅವನಿಗಾಗಿ ಹಾಡಿ ಅಳುವುದಿಲ್ಲ, ಅಳಲೂಬಾರದು. ಬಾತ್ಮಾ ಸೊಸೆಗೆ ಕೋಪವಿಲ್ಲದೆ ಹೇಳಿದ್ದಳಂತೆ: "ನಿಂಗೆ ಆಗ್ದಿದ್ರೆ ಈಗ್ಲೇ ಹೇಳು ಮಗಾ, ಕುಲುಯ್ಪಾನ ಕೇಳ್ತೀನಿ. ನನ್ನ ಮಗ ಈ ಸಲನೂ ಸುಮ್ನೆ ಹೋಗೋದು ಬೇಡ." ಕುಲುಯ್ಪಾ ಅದೇ ಬೀದಿಯವಳು. ಯಾರ ಮನೆಯ ಸಾವಾದರೂ ಅಳಲು ಬಲ್ಲವಳು, ಗಟ್ಟಿ ಗಂಟಲು.

"ಬರೆದು ನೋಡ್ತೀನಿ," ಎಂದಳು ಝಿಪಾರ್ ನನ್ನ ಮೇಜಿನ ಮುಂದೆ. "ಬಾಯಿಂದ ಬರ್ದಿದ್ದು ಕೈಯಿಂದ ಬರುತ್ತೇನೋ. ಬಂದ್ರೆ ಅಲ್ಲಿ ಹೇಳ್ತೀನಿ. ಇಲ್ದಿದ್ರೆ ಕುಲುಯ್ಪಾ ಎಜೆ ಇದ್ದಾರಲ್ಲ."

ಆದರೆ ಅವಳ ಕೈಗೆ ಬಿಡುವು ಎಲ್ಲಿತ್ತು? ಬೆಳಿಗ್ಗೆ ಒಲೆಯ ಬೂದಿ ತೆಗೆಯಬೇಕು, ಹಸು ಕರೆಯಬೇಕು, ಬೆಗಾಯಿಮ್‌ಳ ಜಡೆ ಹೆಣೆಯಬೇಕು, ಮಂಡಿನೋವಿನ ಅತ್ತೆಯನ್ನು ಎಬ್ಬಿಸಿ ಕೂರಿಸಬೇಕು. ಆಮೇಲೆ ಊಟದ ಮನೆಯಲ್ಲಿ ದಿನವೆಲ್ಲ ಹಿಟ್ಟು ಎಳೆದು ನೂಲಿನಂಥ ಶಾವಿಗೆ ಮಾಡುವ ಕೆಲಸ. ಒದ್ದೆ ಬೆರಳಿಗೆ ಫೋನಿನ ಗಾಜು ಮಾತು ಕೇಳುತ್ತಿರಲಿಲ್ಲ. ಮೊದಲ ವಾರ ಅವಳು ಕಳಿಸಿದ್ದು ಮುರಿದ ಸಾಲುಗಳು, ಅರ್ಧಂಬರ್ಧ ಅಕ್ಷರಗಳು. ಒಂದರಲ್ಲಿ ಬರೀ ಹಿಟ್ಟಿನ ಬೆರಳು ತಗುಲಿ ಬಿದ್ದ ಚುಕ್ಕಿಗಳಿದ್ದವು.

ಆಮೇಲೆ ಒಂದು ದಿನ ಧ್ವನಿ ಬಂತು. ಮನೆಯ ಉಗ್ರಾಣದಲ್ಲಿ, ಹಿಟ್ಟಿನ ಜಾಡಿಗೆ ಫೋನನ್ನು ಒರಗಿಸಿ, ರೊಟ್ಟಿಗೆ ನಾದುತ್ತ ಮಾತಾಡಿದ್ದಳು. "ಕಾಲಿಪಾ, ನಾನು ಹೇಳ್ತೀನಿ, ನೀನು ಟೈಪ್ ಮಾಡ್ತೀಯಾ? ಮೋಸ ಆಗುತ್ತಾ?" ಮೋಸ ಆಗುವುದಿಲ್ಲವೆಂದು ನಾನೇ ತೀರ್ಮಾನಿಸಿದೆ. ಬೆಳಿಗ್ಗೆ ಓದುಗರು ಬರುವ ಮೊದಲು ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕೂತು, ಹಿಂದಿನ ದಿನದ್ದನ್ನು ಕೇಳಿ ಬರೆಯತೊಡಗಿದೆ.

ಅವಳ ಕಾದಂಬರಿಯ ಹೆಂಗಸಿನ ಹೆಸರು ಸೈರಾ. ರಾಜಧಾನಿ ಬಿಶ್ಕೆಕ್‌ನಲ್ಲಿ ನಾಲ್ಕನೇ ಮಹಡಿಯ ಮನೆ, ಕೆಳಗೆ ಬೀದಿಬದಿಯಲ್ಲಿ ರೊಟ್ಟಿ ಮಾರುವ ಗೂಡು. ಸೈರಾ ಎದ್ದಳು. ಸೈರಾ ಒಲೆ ಹಚ್ಚಿದಳು. ಸೈರಾ ಚಹಾ ಇಟ್ಟಳು. ಪಕ್ಕದ ಮನೆಯವಳು ಬಂದಳು, ಚಹಾ ಕುಡಿದಳು, ಹೋದಳು. ಮಾರನೆಯ ದಿನವೂ ಅದೇ. ಹಿಂದೆ ಎಲ್ಲೋ ಹಸು ಕೂಗುತ್ತಿತ್ತು, ಬೆಗಾಯಿಮ್ ಮಗ್ಗಿ ಹೇಳುತ್ತಿದ್ದಳು, ಹಿಟ್ಟು ಹಲಗೆಗೆ ಬಡಿಯುತ್ತಿತ್ತು. ಝಿಪಾರ್‌ಳ ಸ್ವರ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ.

"ಎಜೆ, ನಿಮ್ಮ ಕಥೇಲಿ ಜನ ಚಹಾ ಕುಡಿದು ಕುಡಿದು ಹೊಟ್ಟೆ ಒಡಕೊಂಡು ಸಾಯ್ತಾರೆ," ಎಂದೆ ಒಂದು ಸಲ.

"ಯಾರೂ ಸಾಯಲ್ಲ," ಎಂದಳು. "ಇನ್ನೇನು ಮಾಡ್ತಾರೆ ಮನೇಲಿ ಜನ? ನೀನೂ ಕುಡೀತಿ."

"ಸ್ವಲ್ಪ ನಿಧಾನಕ್ಕಾದ್ರೂ ಹೇಳಿ. ನನ್ನ ಬೆರಳು ಅಷ್ಟು ಓಡಲ್ಲ. ಒಂದೊಂದು ಸಾಲು ಎಳೆದು ಹೇಳಿ, ಕೊನೇಲಿ ನಿಲ್ಲಿಸಿ."

ಅಂದಿನಿಂದ ಅವಳು ಹಾಗೆಯೇ ಹೇಳಿದಳು. ಪ್ರತಿ ಸಾಲನ್ನೂ ಎಳೆದು, ಕೊನೆಯ ಶಬ್ದವನ್ನು ಇನ್ನಷ್ಟು ಎಳೆದು, ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ. ನನಗೆ ಟೈಪ್ ಮಾಡಲು ಅನುಕೂಲವಾಯಿತು. ಅದರಿಂದ ಏನಾಗಬಹುದೆಂದು ನಾನು ಯೋಚಿಸಲಿಲ್ಲ.

ಸೈರಾಳಿಗೊಬ್ಬ ಗಂಡನಿದ್ದ. ಅವನಿಗೆ ಹೆಸರಿರಲಿಲ್ಲ. "ಬಾಗಿಲಲ್ಲಿ ಕುದುರೆ ಕಟ್ಟುವವನು" ಎಂದೇ ಝಿಪಾರ್ ಹೇಳುತ್ತಿದ್ದಳು. ಬಾಗಿಲಲ್ಲಿ ಕುದುರೆ ಕಟ್ಟುವವನು ಊಟಕ್ಕೆ ಬಂದ. ಬಾಗಿಲಲ್ಲಿ ಕುದುರೆ ಕಟ್ಟುವವನು ಬಸ್ಸು ಹಿಡಿದು ಕೆಲಸಕ್ಕೆ ಹೋದ.

"ನಾಲ್ಕನೇ ಮಹಡೀಲಿ ಕುದುರೆ ಎಲ್ಲಿ ಕಟ್ತಾನೆ ಎಜೆ? ಲಿಫ್ಟಲ್ಲಿ ತರ್ತಾನಾ?"

"ಬಾಯಿಗೆ ಹಂಗೇ ಬರುತ್ತೆ."

"ಒಂದು ಹೆಸರಿಡಿ. ಓದೋರಿಗೆ ಬೇಕಲ್ಲ."

"ನಾಲಿಗೆ ತಿರುಗಲ್ಲ," ಎಂದಳು. ನಾನು ಮತ್ತೆ ಕೇಳಲಿಲ್ಲ. ಈಗಿನ ಸೊಸೆಯರು ಗಂಡನ ಹೆಸರನ್ನು ಬೀದಿಯಲ್ಲಿ ನಿಂತು ಕೂಗುತ್ತಾರೆ. ಝಿಪಾರ್ ಮದುವೆಯಾಗಿ ಬಂದ ಮನೆ ಹಳೆಯ ರೀತಿಯದು. ಮಾವನ ಹೆಸರು, ಭಾವಂದಿರ ಹೆಸರು, ಗಂಡನ ಹೆಸರು ಯಾವುದನ್ನೂ ಅವಳು ಬಾಯಲ್ಲಿ ಆಡಿದವಳಲ್ಲ. ಅವನು ಸೈಬೀರಿಯಾದಿಂದ ಫೋನು ಮಾಡಿದಾಗಲೂ "ಬೆಗಾಯಿಮ್ ಅಪ್ಪಾ" ಎಂದೇ ಮಾತಾಡುತ್ತಿದ್ದಳು. ಕಥೆಯ ಗಂಡನಿಗೆ ಬೇರೆ ಹೆಸರಿಟ್ಟರೆ ಅದೂ ಸರಿಬರಲಿಲ್ಲವಂತೆ. ಯಾರದೋ ಅಂಗಿ ಹಾಕಿದ ಹಾಗಿರುತ್ತದೆ ಎಂದಳು.

ಅತ್ತೆಗೆ ಹೇಳಬೇಡ ಎಂದಿದ್ದಳಲ್ಲ, ಆ ಗುಟ್ಟು ವಾರವೂ ನಿಲ್ಲಲಿಲ್ಲ. ಬಾತ್ಮಾ ಕೂರುವ ಜಾಗಕ್ಕೂ ಉಗ್ರಾಣಕ್ಕೂ ನಡುವೆ ಇದ್ದದ್ದು ಹಲಗೆಯ ಗೋಡೆ. ನಾನು ಟೈಪ್ ಮಾಡಿದ ಹಾಳೆಗಳನ್ನು ಕೊಡಲು ಒಂದು ಶನಿವಾರ ಹೋದಾಗ, ಮುದುಕಿ ಚಹಾದ ಬಟ್ಟಲನ್ನು ನನ್ನ ಕಡೆ ತಳ್ಳಿ ನೇರವಾಗಿ ಕೇಳಿದಳು:

"ಯಾರವಳು ಸೈರಾ? ಯಾವ ಕಡೆಯೋಳು?"

"ಅವಳು ಕಥೇಲಿ ಬರೋಳು, ಅಪಾ," ಎಂದೆ. ಅಮ್ಮನಂಥವರಿಗೆ ನಾವು ಅಪಾ ಎನ್ನುತ್ತೇವೆ.

"ಕಥೆಯೋಳಾದ್ರೆ ತವರಿಲ್ವಾ? ಒಂದು ದಿನ ತಾಯಿ ಮನೆಗೆ ಹೋಗಲ್ಲ, ಒಂದು ದಿನ ಅಳಲ್ಲ. ನಿನ್ನೆ ರೊಟ್ಟಿ ಸುಟ್ಟೋಯ್ತಲ್ಲ, ಅದಕ್ಕಾದ್ರೂ ಬೈಕೊಂಡ್ಲಾ?"

"ಬೈಕೊಳ್ಲಿಲ್ಲ," ಎಂದಳು ಝಿಪಾರ್ ಒಲೆಯ ಹತ್ತಿರದಿಂದ. "ಇನ್ನೊಂದು ಸಲ ನಾದಿದ್ಲು."

"ಕಲ್ಲು ಹೆಂಗಸು," ಎಂದಳು ಬಾತ್ಮಾ. ಬೆಗಾಯಿಮ್ ತಲೆಯೆತ್ತಿ ಒಮ್ಮೆ ಅಜ್ಜಿಯನ್ನೂ ಒಮ್ಮೆ ಅಮ್ಮನನ್ನೂ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಮುದುಕಿ ಮತ್ತೆ, "ಆ ಗಂಡನ್ನ ಕೆಲಸಕ್ಕೆ ಕಳಿಸಿದಾಳಲ್ಲ, ಬುಧವಾರದಿಂದ ಬಂದಿಲ್ಲ. ಅವನೆಲ್ಲಿ?" ಎಂದಳು.

ಝಿಪಾರ್ ಕೆಂಡ ಕೆದಕಿದಳು. "ಗೊತ್ತಿಲ್ಲ ಅಪಾ. ಇನ್ನೂ ಅಲ್ಲಿಗೆ ಹೋಗಿಲ್ಲ."

ಬಾತ್ಮಾ ಹೇಳಿದ್ದು ನಿಜವಾಗಿತ್ತು. ಆ ಬುಧವಾರದ ಧ್ವನಿಯಲ್ಲಿ ಬಾಗಿಲಲ್ಲಿ ಕುದುರೆ ಕಟ್ಟುವವನು ಹೊರಗೆ ಹೋಗಿದ್ದ. ಆಮೇಲೆ ಎಷ್ಟೋ ಪುಟ ಸೈರಾ ರೊಟ್ಟಿ ಮಾಡಿದಳು, ಚಹಾ ಇಟ್ಟಳು, ಅವನ ಬಟ್ಟಲನ್ನೂ ತೊಳೆದಿಟ್ಟಳು. ಅವನು ಬರಲೂ ಇಲ್ಲ, ಬರುವುದಿಲ್ಲವೆಂದು ಯಾರೂ ಹೇಳಲೂ ಇಲ್ಲ. ನಾನು ಟೈಪ್ ಮಾಡುತ್ತಾ ಹೋದೆ. ಗ್ರಂಥಾಲಯದಲ್ಲಿ ನಡೆದ ಬರೆಯುವವರ ಸಭೆಯಲ್ಲಿ ಪೊಲೀಸ್ ಅಜ್ಜ ತನ್ನ ಕಾದಂಬರಿಯಲ್ಲಿ ಏಳನೆಯ ಕೊಲೆ ಆಯಿತೆಂದು ಹೆಮ್ಮೆಯಿಂದ ಹೇಳಿದರು. ಝಿಪಾರ್‌ಳದು ಎಲ್ಲಿಗೆ ಬಂತು ಎಂದು ಕೇಳಿದರು. "ಕಾಯ್ತಿದಾರೆ," ಎಂದೆ.

ವರ್ಷದ ಊಟಕ್ಕೆ ಎರಡು ದಿನವಿರುವಾಗ ಬೀದಿಯ ಹೆಂಗಸರೆಲ್ಲ ಬೋರ್ಸೋಕ್ ಕರಿಯಲು ಆ ಮನೆಗೆ ಸೇರಿದರು. ಬೋರ್ಸೋಕ್ ಇಲ್ಲದೆ ನಮ್ಮಲ್ಲಿ ಮದುವೆಯೂ ಇಲ್ಲ, ಸಾವೂ ಇಲ್ಲ. ಅಂಗಳದ ಕಡಾಯಿಯಲ್ಲಿ ಎಣ್ಣೆ ಕಾಯುತ್ತಿತ್ತು, ಕುಲುಯ್ಪಾ ಜಾಲರಿ ಸೌಟು ಹಿಡಿದು ನಿಂತಿದ್ದಳು, ಉಳಿದವರು ಹಿಟ್ಟನ್ನು ಲಟ್ಟಿಸಿ ಚೌಕ ಚೌಕ ಕತ್ತರಿಸುತ್ತಿದ್ದರು. ನಾನು ಆ ದಿನ ಅಲ್ಲಿರಲಿಲ್ಲ. ಅಲ್ಲಿ ನಡೆದದ್ದೆಲ್ಲ ಮಾರನೆಯ ಬೆಳಿಗ್ಗೆ ಫೋನಿನಿಂದ ನನ್ನ ಕಿವಿಗೆ ಬಂತು.

ಮೊದಲು ಎಂದಿನ ಹಾಗೆ ನಾದುವ ಸದ್ದು. ಆಮೇಲೆ ಝಿಪಾರ್, ಎಳೆದೆಳೆದು, ಸಾಲಿನ ಕೊನೆಗೆ ನಿಂತು:

"ಬಾಗಿಲಲ್ಲಿ ಕುದುರೆ ಕಟ್ಟುವವನು... ಬಾಗಿಲಿಗೆ ಬರಲಿಲ್ಲ... ತೊಳೆದಿಟ್ಟ ಬಟ್ಟಲು... ತೊಳೆದ ಹಾಗೇ ಇದೆ... ಹಿಟ್ಟು ಉಬ್ಬಿತು... ರೊಟ್ಟಿ ಬೆಂದಿತು... ಮುರಿದು ಕೊಡುವವನು... ಬರಲಿಲ್ಲ..."

ಬಾಗಿಲು ಕಿರುಗುಟ್ಟಿತು. ಏನೋ ಕೆಳಗೆ ಬಿತ್ತು. ಒಂದು ಕ್ಷಣ ಬಿಟ್ಟು ಕುಲುಯ್ಪಾಳ ಸ್ವರ, ಫೋನು ಒಡೆಯುವಷ್ಟು ಗಟ್ಟಿಯಾಗಿ: "ಅಯ್ಯೋ ನನ್ನ ಕಂದಾ! ಬಂತಾ ನಿಂಗೆ! ಕಡೆಗೂ ಬಂತಾ!" ಅವಳು ಹಿಟ್ಟಿಗೆಂದು ಉಗ್ರಾಣಕ್ಕೆ ಬಂದಿದ್ದಳು. ಕಂಡದ್ದು, ಕಪ್ಪು ವಸ್ತ್ರದ ವಿಧವೆ ಬಾಗಿಲಿಗೆ ಬೆನ್ನು ಹಾಕಿ, ಗೋಡೆಗೆ ಮುಖಮಾಡಿ, ಹೆಸರು ಹೇಳದೆ ಅವನನ್ನು ಕರೆಯುತ್ತ, ಸಾಲು ಸಾಲಾಗಿ ಎಳೆಯುತ್ತಿರುವುದು. ನಮ್ಮ ಕಡೆಯ ಹೆಂಗಸು ಅದನ್ನು ಇನ್ನೇನೆಂದು ತಿಳಿದಾಳು? ಅಳುವವಳನ್ನು ಒಂಟಿಯಾಗಿ ಬಿಡಬಾರದು. ಕುಲುಯ್ಪಾ ಹಿಟ್ಟಿನ ಮೂಟೆಯ ಪಕ್ಕ ಕೂತು, ಸೊಂಟಕ್ಕೆ ಕೈಕೊಟ್ಟು ಶುರುಮಾಡಿದಳು. ಅಂಗಳದವರೆಲ್ಲ ಓಡಿ ಬಂದರು. ಒಬ್ಬೊಬ್ಬರ ಸ್ವರ ಸೇರುತ್ತ ಹೋಗಿ ಕೊನೆಗೆ ಯಾವುದು ಯಾರದೆಂದು ತಿಳಿಯದಾಯಿತು. ಯಾರೋ ತೀರಿಹೋದ ತಮ್ಮನನ್ನು ಕರೆದು ಅಳುತ್ತಿದ್ದರು, ಯಾರೋ ಹಸುಗೂಸನ್ನು. ಆ ಗದ್ದಲದೊಳಗೆ ಝಿಪಾರ್ ಒಂದೇ ಒಂದು ಸಲ ಮಾತಾಡಿದ್ದು ಕೇಳಿಸಿತು: "ಎಜೆ, ಎಣ್ಣೆ ಕಾದು ಹೊಗೆ ಬರ್ತಿದೆ."

ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಬಾಗಿಲು ಮೆಲ್ಲಗೆ ಮುಚ್ಚಿದ ಸದ್ದು.

ನಾನು ಗ್ರಂಥಾಲಯದಲ್ಲಿ ಕೂತು ಕೇಳಿ, ನಿಲ್ಲಿಸಿ, ಅವಳಿಗೆ ಫೋನು ಮಾಡಿದೆ. ಊಟದ ಮನೆಯಲ್ಲಿದ್ದಳು.

"ಎಜೆ, ಅದು ಹನ್ನೊಂದನೇ ಅಧ್ಯಾಯ ಅಲ್ವಾ?"

"ಹೂಂ."

"ಅವರಿಗೆ ಹೇಳ್ಲಿಲ್ವಾ?"

"ಹೇಗೆ ಹೇಳ್ಲಿ? ಎಲ್ಲರೂ ನನ್ನ ತಬ್ಕೊಂಡಿದ್ರು. ಕೈಯೆಲ್ಲ ಹಿಟ್ಟು. ನಂಗೆ ಹಿಟ್ಟು ಹುಳಿಯಾಗುತ್ತಲ್ಲಾ ಅಂತ ಅದೇ ತಲೇಲಿ."

"ನಿಮಗೇನೂ..."

"ಏನೂ ಆಗ್ಲಿಲ್ಲ ಕಾಲಿಪಾ. ಮರಗಟ್ಟಿದ ಕೈ ಮೇಲೆ ಬಿಸಿನೀರು ಹಾಕಿದ್ರೆ ಗೊತ್ತಾಗಲ್ಲ ನೋಡು, ಹಂಗೆ." ಆಮೇಲೆ, ಅದೇ ಸ್ವರದಲ್ಲಿ, "ಅವರ ಮಾತನ್ನೂ ಟೈಪ್ ಮಾಡು. ಅಧ್ಯಾಯದ ಒಳಗೇ ಬಂದಿದೆ, ಇರ್ಲಿ," ಎಂದಳು.

ಟೈಪ್ ಮಾಡಿದೆ. ಎಲ್ಲ ಹೆಂಗಸರ ಅಳುವನ್ನೂ, ಎಣ್ಣೆಯ ಮಾತನ್ನೂ.

ಬೀದಿಯಲ್ಲಿ ಸುದ್ದಿ ಹರಡಿತ್ತು. ಸೊಸೆಯ ಗಂಟಲು ಬಿಚ್ಚಿತು, ವರ್ಷದಿಂದ ಒಳಗೇ ಇಟ್ಟುಕೊಂಡಿದ್ದಳು ಪಾಪ, ಗುಡಾರದಲ್ಲಿ ಈ ಸಲ ಅವಳೇ ಅಳುತ್ತಾಳೆ ಎಂದು. ಕುಲುಯ್ಪಾ ತಾನೇ ಎಲ್ಲರಿಗೂ ಹೇಳುತ್ತ, ತನ್ನ ಜಾಗ ಬಿಟ್ಟುಕೊಟ್ಟಳು. ಇದರಿಂದ ಝಿಪಾರ್‌ಳಿಗೆ ಇನ್ನೂ ಕಷ್ಟವಾಯಿತು. ಇಷ್ಟು ದಿನ ಅವಳಿಂದ ಆಗುವುದಿಲ್ಲವೆಂದು ಜನ ತಿಳಿದಿದ್ದರು, ಈಗ ಆಗುತ್ತದೆಂದು ತಿಳಿದರು. ಆ ಸಂಜೆ ನಾನು ಚಹಾದ ಬಟ್ಟಲುಗಳನ್ನು ಎರವಲು ಕೊಡಲು ಹೋದಾಗ ಅವಳು ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು.

"ಅಪಾ, ನಿನ್ನೆ ಉಗ್ರಾಣದಲ್ಲಿ ನಾನು ಅತ್ತಿದ್ದಲ್ಲ. ಅದು ಸೈರಾಳ ಕಥೆ," ಎಂದಳು ತಲೆಯೆತ್ತದೆ.

"ಗೊತ್ತು."

"ಗೊತ್ತಾ?"

"ಬಾಗಿಲು ಮುಚ್ಚಿದೋಳು ನಾನೇ ಅಲ್ವಾ? ದಿನಾ ಕೇಳ್ತೀನಿ, ಸೈರಾ ಯಾವುದು ನೀನ್ಯಾವುದು ನಂಗೆ ಗೊತ್ತಾಗಲ್ವಾ?"

"ಹೇಳ್ಬೋದಿತ್ತಲ್ಲ ಅವರಿಗೆ."

"ಹೇಳಿ? ಅಷ್ಟು ಅತ್ತಿದಾರೆ, ಅದನ್ನ ವಾಪಸ್ ತಗೊಂಡು ಹೋಗಿ ಅಂತೀಯಾ?" ಮುದುಕಿ ಕಾಲು ಚಾಚಿದಳು. "ಇನ್ನೂ ಸ್ವಲ್ಪ ಮೇಲೆ ತಿಕ್ಕು. ಹೂಂ, ಅಲ್ಲೇ."

"ನಾಳೆ ನಂಗೆ ಬರ್ದೇ ಇದ್ರೆ?"

ಬಾತ್ಮಾ ಇನ್ನೊಂದು ಮಂಡಿಯನ್ನೂ ಸೊಸೆಯ ಮುಂದೆ ಚಾಚಿದಳು.

ವರ್ಷದ ಊಟದ ದಿನ ಬಿಸಿಲಿತ್ತು, ಚಳಿ ಹಾಗೆಯೇ ಇತ್ತು. ಗುಡಾರದ ಮೇಲಿನ ಹಿಮ ಕರಗದೆ ಹೊಳೆಯುತ್ತಿತ್ತು. ಹೊರಗೆ ಗಂಡಸರು ಕುದುರೆಯ ಮಾಂಸ ಬೇಯುವ ಕಡಾಯಿಗಳ ಸುತ್ತ ನಿಂತಿದ್ದರು. ಒಳಗೆ ನಾವು ಹೆಂಗಸರು ಗೋಡೆಯುದ್ದಕ್ಕೂ ಒತ್ತೊತ್ತಾಗಿ ಕೂತೆವು. ನಾನು ಝಿಪಾರ್‌ಳ ಎಡಕ್ಕೆ, ಒಬ್ಬರನ್ನು ಬಿಟ್ಟು. ಬಂಧುಗಳ ಮೊದಲ ಗುಂಪು ಅಂಗಳಕ್ಕೆ ಬಂದಾಗ ಬಾತ್ಮಾ ಮಗನನ್ನು ಹೆಸರು ಹಿಡಿದು ಕರೆದು ಅತ್ತಳು. ತಾಯಿ ಕರೆಯಬಹುದು. ಆಮೇಲೆ ಎಲ್ಲರೂ ಸೊಸೆಯ ಅಳುವಿಗೆ ಕಾದರು.

ಝಿಪಾರ್ ಗೋಡೆಯ ಕಂಬಳಿಗೆ ಮುಖಮಾಡಿದ್ದಳು. ಕೈ ಸೊಂಟದ ಮೇಲಿತ್ತು. ಅವಳ ಬೆನ್ನು ಉಸಿರಿಗೆ ಏರಿ, ನಿಂತು, ಇಳಿಯುವುದು ನನಗೆ ಕಾಣುತ್ತಿತ್ತು. ಮತ್ತೆ ಏರಿತು, ಇಳಿಯಿತು. ಹೊರಗೆ ಹಿಮದ ಮೇಲೆ ಬೂಟುಗಳ ಸದ್ದು ಗುಡಾರದ ಬಾಗಿಲಿಗೆ ಬಂದು ನಿಂತಿತು. ಒಳಗೆ ಬರಲು ಅವರು ಅಳುವನ್ನು ಕಾಯುತ್ತಿದ್ದರು. ಕುಲುಯ್ಪಾ ನನ್ನ ಕಡೆ ನೋಡಿದಳು, ಆಮೇಲೆ ತನ್ನ ಗಂಟಲು ಸರಿಮಾಡಿಕೊಂಡಳು.

ಆಗ ಬಾತ್ಮಾ, ಇನ್ನೂ ಕಣ್ಣೊರೆಸಿಕೊಳ್ಳುತ್ತಲೇ, ಮನೆಯಲ್ಲಿ ಕೇಳುವ ಹಾಗೆಯೇ ಕೇಳಿದಳು:

"ಮಗಾ, ಆ ರೊಟ್ಟಿ ಹೆಂಗಸಿನ ಗಂಡ ಬುಧವಾರ ಹೋದ್ನಲ್ಲ. ಆಮೇಲೇನಾಯ್ತು?"

ಝಿಪಾರ್ ಅಲುಗಾಡಲಿಲ್ಲ.

"ಎಲ್ಲಿಗೆ ಹೋದ?"

"ದೂರ," ಎಂದಳು ಝಿಪಾರ್. ಅದು ಉಗ್ರಾಣದ ಸ್ವರವೇ.

"ಏನು ಹಾಕ್ಕೊಂಡು ಹೋದ?"

"ಅಣ್ಣನ ಜಾಕೆಟ್ಟು. ತನ್ನದು ಹರಿದಿತ್ತು."

"ಆಮೇಲೆ?"

ಆಮೇಲೆ ಅವಳು ಹೇಳಿದಳು. ಹಾಡಲಿಲ್ಲ. ಪ್ರಾಸವೂ ಇರಲಿಲ್ಲ, ಏರಿಳಿತವೂ ಇರಲಿಲ್ಲ. ಸೈರಾಳ ರೊಟ್ಟಿಯ ಗೂಡು ಎರಡು ಸಾಲು ಇತ್ತು, ಆಮೇಲೆ ಅದು ಕಳಚಿಕೊಂಡು, ಸಂತೆಯ ಪಕ್ಕದ ಊಟದ ಮನೆ ಬಂತು. ಅವನು ಅಲ್ಲಿಗೆ ಬಂದು ಬಾಗಿಲಲ್ಲೇ ನಿಂತು ಹೋಗಿಬರುತ್ತೇನೆ ಅಂದದ್ದು, ಅವಳ ಕೈ ಹಿಟ್ಟಾಗಿದ್ದರಿಂದ ಮೊಣಕೈಯಿಂದ ಅವನನ್ನು ಮುಟ್ಟಿದ್ದು. ಅಲ್ಲಿನ ಚಳಿ ಇಲ್ಲಿಯ ಹಾಗೇ ಎಂದು ಫೋನಿನಲ್ಲಿ ಹೇಳಿದ್ದು. ಮಗಳಿಗೆ ಬೂಟು ತಗೊಂಡಿದ್ದೇನೆ ಎಂದದ್ದು. ಒಂದು ಬೆಳಿಗ್ಗೆ ಬೇರೆ ಯಾರೋ ಅವನ ಫೋನಿನಿಂದ ಮಾತಾಡಿದ್ದು. ಪೆಟ್ಟಿಗೆ ಅವನಿಗಿಂತ ಉದ್ದವಾಗಿತ್ತು, ಅದಕ್ಕೆ ಅವಳಿಗೆ ಬೇರೆ ಯಾರದೋ ಬಂದಿದೆ ಎನಿಸಿತು. ತೆರೆಯಬಾರದು ಎಂದರು. ಅದರ ಜೊತೆಗೆ ಒಂದು ಚೀಲ ಬಂತು. ಬೂಟು ಅದರಲ್ಲಿತ್ತು. ಮಗಳ ಕಾಲಿಗೆ ಒಂದು ಅಳತೆ ಚಿಕ್ಕದಾಯಿತು.

ಇಷ್ಟನ್ನೂ ಅವಳು ಗೋಡೆಗೆ ಹೇಳಿದಳು, ಸಾಲಿನ ಕೊನೆಗೆ ನಿಂತು, ಉಸಿರು ತೆಗೆದುಕೊಂಡು. ನನ್ನ ಬೆರಳುಗಳು ಮಡಿಲಲ್ಲಿ ತಾವಾಗಿ ಟೈಪ್ ಮಾಡುತ್ತಿದ್ದವು. ಯಾರೂ ಅವಳ ಜೊತೆ ಅಳಲಿಲ್ಲ. ಎಲ್ಲಿ ಸೇರಬೇಕೆಂದು ಯಾರಿಗೂ ತಿಳಿಯಲಿಲ್ಲ. ಒಂದು ಸಲ ಕುಲುಯ್ಪಾ ಪಕ್ಕದವಳ ಕಿವಿಯಲ್ಲಿ, "ಇದೇನು ಅಳೋದಾ, ಸುದ್ದಿ ಹೇಳೋದಾ?" ಎಂದಳು.

"ಸುಮ್ನೆ ಕೇಳೇ," ಎಂದಳು ಬಾತ್ಮಾ. ಆಮೇಲೆ ಸೊಸೆಗೆ, "ಹೂಂ. ಆಮೇಲೆ?"

"ಆಮೇಲೆ ಬರ್ಲಿಲ್ಲ ಅಪಾ. ಅಷ್ಟೇ."

ಬಾಗಿಲಲ್ಲಿ ನಿಂತಿದ್ದವರು ಒಳಗೆ ಬಂದರು. ಅಷ್ಟು ಹೊತ್ತೂ ಅಲ್ಲೇ ನಿಂತು ಕೇಳಿದ್ದರು, ಅವರ ಮೀಸೆ ಗಡ್ಡಗಳಲ್ಲಿ ಉಸಿರು ಹೆಪ್ಪುಗಟ್ಟಿತ್ತು. ಮಧ್ಯಾಹ್ನ ಊಟವಾದ ಮೇಲೆ ಬಾತ್ಮಾಳ ನಾದಿನಿ ಕಪ್ಪು ವಸ್ತ್ರವನ್ನು ಬಿಚ್ಚಿ ಝಿಪಾರ್‌ಳ ತಲೆಗೆ ಬಿಳಿಯದನ್ನು ಹೊದಿಸಿದಳು. ಝಿಪಾರ್ ಅಳಲಿಲ್ಲ. ವಸ್ತ್ರದ ತುದಿಯನ್ನು ಕಿವಿಯ ಹಿಂದೆ ಸಿಕ್ಕಿಸಿ, ಎದ್ದು, ಚಹಾ ಬಗ್ಗಿಸಲು ಹೋದಳು. ಬಟ್ಟಲಿಗೆ ಅರ್ಧಕ್ಕಿಂತ ಕಮ್ಮಿಯೇ ಹಾಕಿ ಒಬ್ಬೊಬ್ಬರಿಗೂ ಕೊಟ್ಟಳು, ಬಂದವರು ಮತ್ತೆ ಕೇಳಲಿ ಎಂದು ನಮ್ಮಲ್ಲಿ ಅತಿಥಿಗೆ ಹಾಗೆಯೇ ಕೊಡುವುದು.

ಜನ ಏನೆಂದರು ಎಂಬುದರಲ್ಲಿ ಹೆಚ್ಚು ಹೇಳುವುದಿಲ್ಲ. ಅತ್ತಳು ಎಂದು ಕೆಲವರು, ಅಳಲಿಲ್ಲ ಎಂದು ಕೆಲವರು. ಬೂಟಿನ ಮಾತನ್ನು ಮಾತ್ರ ಎಲ್ಲರೂ ಹೇಳಿದರು.

ಮೂರು ದಿನಕ್ಕೆ ತಿಂಗಳು ಮುಗಿಯಿತು. ಮುಗಿಸಿದವರು ಪೊಲೀಸ್ ಅಜ್ಜ ಒಬ್ಬರೇ. ಗ್ರಂಥಾಲಯದಲ್ಲಿ ಚಹಾ ಕೊಟ್ಟು ಚಪ್ಪಾಳೆ ತಟ್ಟಿದೆವು. ಝಿಪಾರ್‌ಳ ಕಾದಂಬರಿ ಅರ್ಧದಷ್ಟೂ ಆಗಿರಲಿಲ್ಲ. ಅವಳು ಸಭೆಗೆ ಬರಲಿಲ್ಲ, ಕೆಲಸದಿಂದ ಫೋನು ಮಾಡಿದಳು. "ಗುಡಾರದಲ್ಲಿ ಏನು ಹೇಳ್ದೆ ಅಂತ ನಂಗೆ ನೆನಪೇ ಇಲ್ಲ. ನೀನು ಅಲ್ಲೇ ಇದ್ಯಲ್ಲ, ಅದನ್ನ ಬರೆದು ಸೇರಿಸ್ತೀಯಾ? ಅಲ್ಲಿಗೆ ಮುಗೀಲಿ."

ನೆನಪಿದ್ದಷ್ಟನ್ನು ಬರೆದು, ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋಗಿ ಓದಿದೆ. ಝಿಪಾರ್ ಆಲೂಗಡ್ಡೆ ಸುಲಿಯುತ್ತಿದ್ದಳು. ಬೆಗಾಯಿಮ್ ನೆಲದ ಮೇಲೆ ಮಲಗಿ ಚಿತ್ರ ಬರೆಯುತ್ತಿದ್ದಳು. ಬಾತ್ಮಾ ಕೆಟಲಿನ ಪಕ್ಕ ತನ್ನ ಜಾಗದಲ್ಲಿದ್ದಳು.

"ಜಾಕೆಟ್ಟು ನೀಲಿ ಅಲ್ಲ," ಎಂದಳು ಝಿಪಾರ್. "ಬೂದಿ ಬಣ್ಣ."

ತಿದ್ದಿದೆ. ಮುಂದೆ ಓದಿದೆ. ಬಾಗಿಲಲ್ಲಿ ಕುದುರೆ ಕಟ್ಟುವವನು ಬರಲಿಲ್ಲ ಎಂಬಲ್ಲಿಗೆ ಬಂದೆ.

"ಅದನ್ನೂ ತೆಗಿ. ಅವರು ಯಾವತ್ತೂ ಕುದುರೆ ಕಟ್ಟಿದೋರಲ್ಲ, ಕುದುರೆ ಇರಲೇ ಇಲ್ಲ ನಮಗೆ."

"ಅಲ್ಲಿ ಏನು ಹಾಕ್ಲಿ ಎಜೆ?"

ಅವಳು ಚಾಕು ನಿಲ್ಲಿಸಿದಳು. ಅತ್ತೆಯ ಕಡೆ ನೋಡಿದಳು. ಬಾತ್ಮಾ ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ನಂಗೆ ಬೆಳಿಗ್ಗೆಯಿಂದ ಕಿವಿ ಕೇಳ್ತಿಲ್ಲ," ಎಂದಳು. "ಏನು ಹೇಳಿದ್ರೂ ಕೇಳಲ್ಲ. ಹೇಳು."

"ಮೆದೆರ್," ಎಂದಳು ಝಿಪಾರ್.

ಆಲೂಗಡ್ಡೆ ಸಾಕೇ ಎಂದು ಕೇಳುವ ಸ್ವರದಲ್ಲೇ ಹೇಳಿದಳು. ಬೆಗಾಯಿಮ್ ಚಿತ್ರದಿಂದ ತಲೆಯೆತ್ತಿ ಅಮ್ಮನನ್ನು ನೋಡಿದಳು, ಆ ಬಾಯಿಂದ ಅಪ್ಪನ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು. ನಾನು ಬರೆದೆ. ಮುದುಕಿ ಬಟ್ಟಲನ್ನು ಸೊಸೆಯ ಮುಂದಿಟ್ಟಳು, ಈ ಸಲ ಅಂಚಿನವರೆಗೂ ತುಂಬಿ. ಝಿಪಾರ್ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಅದನ್ನು ಎತ್ತಿಕೊಂಡಳು.